ಹವಳ ಬಿಳಿಚುವುದು ಹೇಗೆ? ಮಾರಿಸ್ ಯಂಗ್ ಲೋ ಐಲ್ಸ್‌ನಲ್ಲಿ ಕಂಡದ್ದು, ಕಾಣದೆ ಹೋದದ್ದು

2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 'ನೋವಾ' ಒಂದು ಘೋಷಣೆ ಮಾಡಿತು: ಜಗತ್ತಿನ ಹವಳ ದಿಬ್ಬಗಳು ನಾಲ್ಕನೇ ಸಲ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ. ಮರು ತಿಂಗಳೇ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲಕ್ಷದ್ವೀಪದ ಗಟ್ಟಿ ಹವಳಗಳೂ ದೊಡ್ಡ ಪ್ರಮಾಣದಲ್ಲಿ ಬಿಳಿಚಿರುವುದನ್ನು ವರದಿ ಮಾಡಿತು. ಅಲ್ಲಿಂದೀಚೆಗೆ 'ಬ್ಲೀಚಿಂಗ್', 'ಕಡಲ ಬಿಸಿಗಾಳಿ', 'ಸಹಜೀವಿ ಪಾಚಿ' ಎಂಬ ಮಾತುಗಳು ಸುದ್ದಿಯಲ್ಲಿ ಬರುತ್ತಲೇ ಇವೆ. ಬಿಸಿ ಹೆಚ್ಚಾದರೆ ಹವಳ ಬೆಳ್ಳಗಾಗುತ್ತದೆ ಎಂಬುದಷ್ಟೇ ಓದುಗನಿಗೆ ಸಿಗುತ್ತದೆ. ಯಾಕೆ ಬೆಳ್ಳಗಾಗಬೇಕು, ಬೆಳ್ಳಗಾದ ಮಾತ್ರಕ್ಕೆ ಸತ್ತಿತೆಂದು ಅರ್ಥವೇ, ಇದನ್ನೆಲ್ಲ ಕಂಡುಹಿಡಿದವರು ಯಾರು ಎಂಬುದು ಸಿಗುವುದಿಲ್ಲ.

ಉತ್ತರದ ದೊಡ್ಡ ಪಾಲು 1928–29ರಲ್ಲಿ ಆಸ್ಟ್ರೇಲಿಯಾದ ಲೋ ಐಲ್ಸ್ ಎಂಬ ಪುಟ್ಟ ಮರಳು ದ್ವೀಪದಲ್ಲಿ ನಡೆದ ಕೆಲಸದಿಂದ ಬಂದದ್ದು. ಆ ಕೆಲಸದ ಮುಂದಾಳು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಮಾರಿಸ್ ಯಂಗ್. ಹವಳ ತನ್ನ ಮೈಯೊಳಗೆ ವಾಸಿಸುವ ಪಾಚಿಯನ್ನು ಹೊರಹಾಕುವುದನ್ನು ಅವರು ಪ್ರಯೋಗ ಮಾಡಿ ತೋರಿಸಿದರು. ಆದರೆ ಆ ಪಾಚಿಯಿಂದ ಹವಳಕ್ಕೆ ಏನು ಲಾಭ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಈ ಎರಡನ್ನೂ ಒಟ್ಟಿಗೆ ನೋಡಿದರೆ ಬ್ಲೀಚಿಂಗ್ ಚೆನ್ನಾಗಿ ಅರ್ಥವಾಗುತ್ತದೆ.

## ಮೊದಲು ಹವಳ ಎಂಬ ಪ್ರಾಣಿ

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಲೋಳೆಮೀನಿನ ದೂರದ ನೆಂಟನಾದ ಒಂದು ಪ್ರಾಣಿ. ಒಂದೊಂದು ಬಿಡಿ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಬಹುಪಾಲು ಜಾತಿಗಳಲ್ಲಿ ಪಾಲಿಪ್‌ನ ಅಗಲ ಕೆಲವೇ ಮಿಲಿಮೀಟರ್. ದೇಹವೆಂದರೆ ಒಂದು ಮೆತ್ತನೆಯ ಚೀಲ, ಮೇಲೆ ಒಂದೇ ಬಾಯಿ, ಬಾಯಿಯ ಸುತ್ತ ಬೆರಳಿನಂಥ ಸ್ಪರ್ಶಾಂಗಗಳು. ತಿನ್ನುವುದೂ ಕಸ ಹೊರಹಾಕುವುದೂ ಅದೇ ಬಾಯಿಯಿಂದ. ಚೀಲದ ಒಳಗೆ ಉದ್ದಕ್ಕೆ ಮಡಿಕೆಗಳಿರುತ್ತವೆ, ಮಡಿಕೆಗಳ ಅಂಚಿನಲ್ಲಿ ಸುರುಳಿ ಸುತ್ತಿದ ತಂತುಗಳು. ಈ ತಂತುಗಳನ್ನು ನೆನಪಿಟ್ಟುಕೊಳ್ಳಿ, ಯಂಗ್ ಕತೆಯಲ್ಲಿ ಇವಕ್ಕೆ ಮುಖ್ಯ ಪಾತ್ರವಿದೆ.

ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ರಾಸಾಯನಿಕವಾಗಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದರೆ ಒಂದು ಹವಳದ ಗಡ್ಡೆ ಅಥವಾ ಕವಲು. ಅಂಥವು ಸಾವಿರಾರು ವರ್ಷ ಒಂದರ ಮೇಲೊಂದು ಬೆಳೆದು, ಸತ್ತು, ಗಾರೆಯಂತೆ ಗಟ್ಟಿಯಾದರೆ ಹವಳ ದಿಬ್ಬ. ಉಂಗುರಕ್ಕೆ ಕಟ್ಟಿಸುವ ಕೆಂಪು ಹವಳ ಬೇರೆ ಗುಂಪಿನದು. ಅದು ದಿಬ್ಬ ಕಟ್ಟುವುದಿಲ್ಲ, ಅದರೊಳಗೆ ಪಾಚಿಯೂ ಇಲ್ಲ. ಈ ಲೇಖನಕ್ಕೆ ಅದರ ಸಂಬಂಧ ಇಷ್ಟೇ.

ದಿಬ್ಬ ಕಟ್ಟುವ ಹವಳದ ಒಳಪದರದ ಜೀವಕೋಶಗಳಲ್ಲಿ ಕಂದು-ಹಳದಿ ಬಣ್ಣದ ಏಕಕೋಶ ಪಾಚಿಗಳು ತುಂಬಿರುತ್ತವೆ. ಒಂದೊಂದರ ಅಗಲ ಸುಮಾರು 10 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಹವಳದ ಮೈಯ ಒಂದು ಚದರ ಸೆಂಟಿಮೀಟರಿನಲ್ಲಿ 10 ಲಕ್ಷಕ್ಕೂ ಹೆಚ್ಚು ಇರಬಹುದು. ಇವಕ್ಕೆ ಝೂಕ್ಸಾಂಥೆಲ್ಲಾ ಎಂಬ ಹೆಸರು 1881ರಿಂದಲೇ ಇದೆ. ಇಲ್ಲಿ ಪಾಚಿಕಣ ಎನ್ನೋಣ. ಹವಳದ ಮಾಂಸ ಬಹಳ ತೆಳು, ಹೆಚ್ಚುಕಡಿಮೆ ಪಾರದರ್ಶಕ. ಕಣ್ಣಿಗೆ ಕಾಣುವ ಕಂದು ಬಣ್ಣ ಪಾಚಿಕಣಗಳದ್ದು. ಅವು ಹೋದರೆ ಮಾಂಸದ ಮೂಲಕ ಒಳಗಿನ ಸುಣ್ಣದ ಬಿಳುಪು ಕಾಣುತ್ತದೆ. ಬಿಳಿಚುವುದೆಂದರೆ ಇದೇ.

## ಯಾರು ಈ ಯಂಗ್

ಯಂಗ್ ಹುಟ್ಟಿದ್ದು 1899ರ ಡಿಸೆಂಬರ್ 9ರಂದು, ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಹತ್ತಿರ. ತಂದೆ ಅಲ್ಲಿನ ಸಿಲ್ಕೋಟ್ಸ್ ಶಾಲೆಯ ಮುಖ್ಯೋಪಾಧ್ಯಾಯರು. ಎಡಿನ್‌ಬರೋದಲ್ಲಿ ಪ್ರಾಣಿಶಾಸ್ತ್ರ ಕಲಿತು, ಪ್ಲಿಮತ್‌ನ ಸಾಗರ ಜೀವಶಾಸ್ತ್ರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರು ಹಿಡಿದ ವಿಷಯ ಹವಳವಲ್ಲ, ಕಪ್ಪೆಚಿಪ್ಪು. ಚಿಪ್ಪುಜೀವಿಗಳು ನೀರನ್ನು ಹೇಗೆ ಸೋಸುತ್ತವೆ, ಯಾವ ಕಿಣ್ವ ಯಾವ ಆಹಾರವನ್ನು ಕರಗಿಸುತ್ತದೆ, ಹಡಗಿನ ಮರ ಕೊರೆಯುವ ಟೆರೆಡೊ ಮರವನ್ನು ಅರಗಿಸಿಕೊಳ್ಳುತ್ತದೆಯೇ ಎಂಬಂಥ ಪ್ರಶ್ನೆಗಳು. ಒಟ್ಟಿನಲ್ಲಿ ಅವರು 'ಹೊಟ್ಟೆಯ' ತಜ್ಞ. ಕೈಗೆ ಸಿಕ್ಕ ಯಾವುದೇ ಪ್ರಾಣಿಯ ಮುಂದೆ ಅವರ ಮೊದಲ ಪ್ರಶ್ನೆ, ಇದು ಏನು ತಿನ್ನುತ್ತದೆ, ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದು. ಹವಳದ ಬಗ್ಗೆ ಅವರು ಸರಿಯಾಗಿ ಹೇಳಿದ್ದಕ್ಕೂ ಎಡವಿದ್ದಕ್ಕೂ ಕಾರಣ ಈ ತರಬೇತಿಯೇ.

ಆಗ ಅವರ ಎದುರಿಗಿದ್ದ ವಿವಾದ ಹೀಗಿತ್ತು. ಡಚ್ ಪ್ರಾಣಿಶಾಸ್ತ್ರಜ್ಞ ಬೋಶ್ಮಾ 1920ರ ದಶಕದಲ್ಲಿ, ಹವಳ ತನ್ನೊಳಗಿನ ಪಾಚಿಕಣಗಳನ್ನೇ ಅರಗಿಸಿ ತಿನ್ನುತ್ತದೆ ಎಂದು ಬರೆದಿದ್ದರು. ಕೆಲವರ ಪ್ರಕಾರ ಹವಳ ಬದುಕುವುದೇ ಪಾಚಿಯಿಂದ. ಇನ್ನು ಕೆಲವರ ಪ್ರಕಾರ ಅದು ಬೇಟೆಯಾಡುವ ಪ್ರಾಣಿ. ಇವನ್ನೆಲ್ಲ ವರ್ಷವಿಡೀ, ಜೀವಂತ ದಿಬ್ಬದ ಮೇಲೆಯೇ ಕೂತು ಪರೀಕ್ಷಿಸಿದವರು ಆವರೆಗೆ ಇರಲಿಲ್ಲ. ಹಿಂದಿನ ಯಾತ್ರೆಗಳು ಹವಳವನ್ನು ಕಿತ್ತು, ಒಣಗಿಸಿ, ಮ್ಯೂಸಿಯಂಗೆ ಸಾಗಿಸುವ ಯಾತ್ರೆಗಳೇ ಹೆಚ್ಚು. ಒಣಗಿದ ಹವಳದಲ್ಲಿ ಉಳಿಯುವುದು ಸುಣ್ಣ ಮಾತ್ರ.

## ಲೋ ಐಲ್ಸ್: ದ್ವೀಪವೇ ಪ್ರಯೋಗಾಲಯ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೆ ಸಮಾನಾಂತರವಾಗಿ ಸುಮಾರು 2,300 ಕಿ.ಮೀ. ಉದ್ದಕ್ಕೆ ಗ್ರೇಟ್ ಬ್ಯಾರಿಯರ್ ರೀಫ್ ಹಬ್ಬಿದೆ. ಅದರ ಅಧ್ಯಯನಕ್ಕೆಂದು 1922ರಲ್ಲಿ ಬ್ರಿಸ್ಬೇನ್‌ನಲ್ಲಿ ಒಂದು ಸಮಿತಿ ಹುಟ್ಟಿತು. ಆ ಸಮಿತಿ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ ರೂಪಿಸಿದ್ದೇ 1928–29ರ ಯಾತ್ರೆ. ಆಗ ಕೇಂಬ್ರಿಜ್‌ನಲ್ಲಿ ಬಾಲ್ಫರ್ ವಿದ್ಯಾರ್ಥಿವೇತನದ ಮೇಲಿದ್ದ ಯಂಗ್ ಅದರ ನಾಯಕ, ವಯಸ್ಸು 28.

ಕೇಂಬ್ರಿಜ್‌ನಲ್ಲಿ ಆಗ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸ್ಟ್ಯಾನ್ಲಿ ಗಾರ್ಡಿನರ್. 1899–1900ರಲ್ಲಿ ನಮ್ಮ ಪಶ್ಚಿಮದ ಕಡಲಿನಲ್ಲಿ, ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ನ ಹವಳಗಳ ಮೇಲೆ ಅವರು ಕೆಲಸ ಮಾಡಿದ್ದರು. ಲಕ್ಷದ್ವೀಪದ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು ಎಂಬುದು ಇಂದು ಅನೇಕರಿಗೆ ಮರೆತುಹೋಗಿದೆ.

ಯಾತ್ರೆಯ ಬೀಡು ಪೋರ್ಟ್ ಡಗ್ಲಸ್ ಪಟ್ಟಣದಿಂದ ಸುಮಾರು 15 ಕಿ.ಮೀ. ದೂರದ ಲೋ ಐಲ್ಸ್. ದೀಪಸ್ತಂಭವಿದ್ದ ಒಂದು ಮರಳು ದಿಣ್ಣೆ, ಪಕ್ಕದಲ್ಲಿ ಕಾಂಡ್ಲಾ ಗಿಡಗಳ ಇನ್ನೊಂದು ದ್ವೀಪ, ಎರಡನ್ನೂ ಸುತ್ತಿಕೊಂಡ ದಿಬ್ಬ. 1928ರ ಜುಲೈಯಿಂದ 1929ರ ಜುಲೈವರೆಗೆ ಮರದ ಗುಡಿಸಲುಗಳಲ್ಲಿ ವಾಸ. ಇಳಿತ ಬಂದಾಗ ದಿಬ್ಬಕ್ಕೆ ನಡೆದೇ ಹೋಗಬಹುದಾಗಿತ್ತು. ಈ ಜಾಗ ಆರಿಸಿದ್ದಕ್ಕೆ ಅದೇ ಕಾರಣ: ಹವಳವನ್ನು ನೀರಿನಿಂದ ಎತ್ತಿ ಕೆಲವೇ ನಿಮಿಷಗಳಲ್ಲಿ ಗಾಜಿನ ತೊಟ್ಟಿಗೆ ಇಳಿಸಬೇಕಿತ್ತು. ದೂರ ಸಾಗಿಸಿದರೆ ಪಾಲಿಪ್ ಮುದುಡಿ, ಲೋಳೆ ಸುರಿಸಿ, ಸುತ್ತಲ ನೀರನ್ನೇ ಕೆಡಿಸುತ್ತದೆ. ಅಂಥ ಹವಳದ ಮೇಲೆ ಮಾಡಿದ ಯಾವ ಅಳತೆಗೂ ಅರ್ಥವಿಲ್ಲ.

ತಂಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ. ಶೀನಾ ಮಾರ್ಷಲ್ ಮತ್ತು ರಸಾಯನಶಾಸ್ತ್ರಜ್ಞ ಆರ್ ದಿಬ್ಬದ ಮೇಲೆ ಬೀಳುವ ಹೂಳನ್ನು ಅಳೆದರು. ರಸೆಲ್ ಮತ್ತು ಕೋಲ್ಮನ್ 'ಲುವಾನಾ' ದೋಣಿಯಲ್ಲಿ ಹೋಗಿ ಪ್ಲವಕ, ಎಂದರೆ ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಬಲೆಯಲ್ಲಿ ಸೋಸಿದರು. ಸ್ಟೀಫನ್‌ಸನ್ ದಂಪತಿ ಹವಳದ ಬೆಳವಣಿಗೆ ಮತ್ತು ಸಂತಾನ ನೋಡಿಕೊಂಡರು. ಮೈಕೆಲ್ ಸ್ಪೆಂಡರ್ ನಕ್ಷೆ ಬರೆದರು. ಸಿಡ್ನಿ ಮ್ಯಾಂಟನ್ ಎಂಬ ಯುವ ವಿಜ್ಞಾನಿ ದಿಬ್ಬದ ಅಡ್ಡಕ್ಕೆ ಗೆರೆ ಹಿಡಿದು, ಆ ಗೆರೆಯುದ್ದಕ್ಕೂ ಯಾವ ಹವಳ ಎಷ್ಟು ಜಾಗ ಹಿಡಿದಿದೆ ಎಂದು ಅಳತೆ ಸಮೇತ ಚಿತ್ರಿಸಿದರು. ಇಂದು ಮುಳುಗುಗಾರರು ಟೇಪು ಹಾಸಿ ಮಾಡುವ ಸಮೀಕ್ಷೆಯ ಹಿರಿಯಕ್ಕ ಅದು. ಯಂಗ್ ಪತ್ನಿ ಮ್ಯಾಟಿ ಯಂಗ್ ತಂಡದ ವೈದ್ಯೆ. ಹವಳದ ಉಸಿರಾಟದ ಪ್ರಬಂಧದಲ್ಲಿ ಅವರ ಹೆಸರೂ ಲೇಖಕರ ಸಾಲಿನಲ್ಲಿದೆ. ಯಾರಾಬಾ ಮಿಷನ್‌ನಿಂದ ಬಂದ ಮೂಲನಿವಾಸಿಗಳ ದುಡಿಮೆ ಇಲ್ಲದೆ ಬಿಡಾರ ನಡೆಯುತ್ತಿರಲಿಲ್ಲ. ಪ್ರಬಂಧಗಳ ಲೇಖಕರ ಸಾಲಿನಲ್ಲಿ ಅವರ ಹೆಸರುಗಳಿಲ್ಲ.

## ಹವಳ ಏನು ತಿನ್ನುತ್ತದೆ?

ಯಂಗ್ ಮತ್ತು ಅವರ ಸಹಾಯಕ ಆಬ್ರಿ ನಿಕೋಲ್ಸ್ ಮೊದಲು ಹಿಡಿದದ್ದು ಇದನ್ನು. ಅರಳಿದ ಪಾಲಿಪ್‌ನ ಸ್ಪರ್ಶಾಂಗಕ್ಕೆ ಪ್ರಾಣಿಜನ್ಯ ಆಹಾರ ತಾಗಿಸಿದರೆ ಏನಾಗುತ್ತದೆ ಎಂದು ಸೂಕ್ಷ್ಮದರ್ಶಕದಡಿ ನೋಡಿದರು. ಸ್ಪರ್ಶಾಂಗದ ಕುಟುಕುಕೋಶಗಳು ಬೇಟೆಯನ್ನು ಹಿಡಿಯುತ್ತವೆ, ಸ್ಪರ್ಶಾಂಗ ಬಾಯಿಯತ್ತ ಬಾಗುತ್ತದೆ, ಬಾಯಿ ತೆರೆಯುತ್ತದೆ. ಪಾಲಿಪ್‌ನ ಮೈಮೇಲೆಲ್ಲ ಸೂಕ್ಷ್ಮ ರೋಮಗಳಿವೆ, ಅವು ಸಾಮಾನ್ಯವಾಗಿ ಬಾಯಿಯಿಂದ ಹೊರಕ್ಕೆ ಬೀಸುತ್ತ ಮರಳು, ಹೂಳನ್ನು ತಳ್ಳುತ್ತಿರುತ್ತವೆ. ಕೆಲವು ಜಾತಿಗಳಲ್ಲಿ ಮಾಂಸದ ರುಚಿ ಸಿಕ್ಕಿದರೆ ಬೀಸುವ ದಿಕ್ಕೇ ತಿರುಗಿ ಆಹಾರ ಒಳಕ್ಕೆ ಸಾಗುತ್ತದೆ. ಸಸ್ಯಜನ್ಯ ಚೂರುಗಳಿಗೆ ಈ ಮರ್ಯಾದೆ ಇಲ್ಲ.

ಒಳಗೆ ಹೋದ ಆಹಾರವನ್ನು ಹಿಡಿಯುವುದು ಮಡಿಕೆಗಳ ಅಂಚಿನ ಆ ತಂತುಗಳು. ಮೊದಲು ಅವು ಕಿಣ್ವ ಸುರಿಸಿ ಬೇಟೆಯನ್ನು ಚೂರಾಗಿಸುತ್ತವೆ, ಆಮೇಲೆ ಚೂರುಗಳನ್ನು ಜೀವಕೋಶಗಳು ನುಂಗುತ್ತವೆ. ತುತ್ತು ದೊಡ್ಡದಾದರೆ ತಂತುಗಳೇ ಬಾಯಿಯಿಂದ ಹೊರಗೆ ಬಂದು ಅಲ್ಲೇ ಅರಗಿಸುವುದುಂಟು. ಕಿಣ್ವಗಳನ್ನು ಪರೀಕ್ಷಿಸಿದಾಗ ಪ್ರೋಟೀನು ಕರಗಿಸುವ ಶಕ್ತಿ ಬಲವಾಗಿತ್ತು, ಪಿಷ್ಟ ಕರಗಿಸುವ ಶಕ್ತಿ ತೀರ ದುರ್ಬಲ. ಹೊಟ್ಟೆಯ ತಜ್ಞನ ತೀರ್ಮಾನ ಸ್ಪಷ್ಟ: ಹವಳ ಅಪ್ಪಟ ಮಾಂಸಾಹಾರಿ, ಇದರ ಊಟ ಪ್ರಾಣಿ ಪ್ಲವಕ. ಈ ಭಾಗದಲ್ಲಿ ಅವರು ಹೇಳಿದ್ದರಲ್ಲಿ ಬಹುಪಾಲು ಇಂದಿಗೂ ನಿಂತಿದೆ.

## ಕತ್ತಲ ಪೆಟ್ಟಿಗೆ, ಆಕ್ಸಿಜನ್ ಬಾಟಲಿ

ಹಾಗಾದರೆ ಪಾಚಿಕಣಗಳಿಗೆ ಏನು ಕೆಲಸ? ಅವಕ್ಕೆ ಬೆಳಕು ಬೇಕು. ಬೆಳಕು ಕಿತ್ತುಕೊಂಡರೆ ತಿಳಿಯುತ್ತದೆ. ದಿಬ್ಬದ ಮೇಲೆ ಬೆಳಕು ಬಾರದ ಪೆಟ್ಟಿಗೆಯಲ್ಲಿ ಹವಳಗಳನ್ನಿಟ್ಟು ತಿಂಗಳುಗಟ್ಟಲೆ ಬಿಟ್ಟರು. ಒಳಗೆ ನೀರು ಹರಿಯುತ್ತಿತ್ತು, ಪ್ಲವಕ ಬರುತ್ತಿತ್ತು, ಬಿಸಿಲು ಮಾತ್ರ ಇಲ್ಲ. ಹವಳಗಳು ಪಾಚಿ ಕಳೆದುಕೊಂಡು ಬಿಳಿಚಿದವು. ಆದರೆ ಆಹಾರ ಸಿಗುತ್ತಿದ್ದವು ಬದುಕಿ ಉಳಿದವು. ಇನ್ನೊಂದು ಕಡೆ ಆಹಾರವಿಲ್ಲದೆ ಇಟ್ಟ ಹವಳಗಳು ಸೊರಗಿದವು. ಅಂಗಾಂಶವನ್ನು ಸೀಳಿ ನೋಡಿದಾಗ, ಉಪವಾಸದಲ್ಲೂ ಹವಳ ಪಾಚಿಕಣಗಳನ್ನು ಅರಗಿಸಿಕೊಂಡಿರಲಿಲ್ಲ. ಪಾಚಿಕಣಗಳು ತಂತುಗಳತ್ತ ಸಾಗಿ, ಲೋಳೆಯಲ್ಲಿ ಸುತ್ತಿಕೊಂಡು ಬಾಯಿಯಿಂದ ಹೊರಬೀಳುತ್ತಿದ್ದವು. ಬೋಶ್ಮಾ ಹೇಳಿದ್ದು ಇಲ್ಲಿಗೆ ಬಿತ್ತು.

ಮುಂದಿನದು ಉಸಿರಾಟ. ಹವಳವನ್ನು ನೀರು ತುಂಬಿದ ಮುಚ್ಚಿದ ಗಾಜಿನ ಜಾಡಿಯಲ್ಲಿಟ್ಟು, ಬೆಳಕಿನಲ್ಲಿ ಮತ್ತು ಕತ್ತಲಲ್ಲಿ ಆಕ್ಸಿಜನ್ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡುವ ಪ್ರಯೋಗ. ಕರಗಿದ ಆಕ್ಸಿಜನ್ ಅಳೆಯಲು ವಿಂಕ್ಲರ್ ವಿಧಾನ ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿದೆ. ನೀರಿಗೆ ಮ್ಯಾಂಗನೀಸ್ ಲವಣ, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿದರೆ ಕಂದು ಗಸಿ ಇಳಿಯುತ್ತದೆ. ಆಮ್ಲ ಹಾಕಿದಾಗ ಗಸಿ ಕರಗಿ, ಇದ್ದ ಆಕ್ಸಿಜನ್‌ಗೆ ಸರಿಸಮನಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಪಿಷ್ಟದ ಹನಿ ಹಾಕಿ ನೀಲಿ ಮಾಡಿ, ನೀಲಿ ಮಾಯವಾಗುವವರೆಗೆ ಥಯೋಸಲ್ಫೇಟ್ ಸುರಿದರೆ ಲೆಕ್ಕ ಸಿಗುತ್ತದೆ. ಕೆಡುವುದು ಸಣ್ಣ ವಿಷಯಗಳಲ್ಲಿ: ಬಾಟಲಿಯಲ್ಲಿ ಒಂದು ಗಾಳಿಗುಳ್ಳೆ ಉಳಿದರೆ ಆಕ್ಸಿಜನ್ ಹೆಚ್ಚು ತೋರುತ್ತದೆ, ಹವಳ ಕೀಳುವಾಗ ಗಾಯವಾಗಿದ್ದರೆ ಉಸಿರಾಟದ ಅಂಕಿ ಏರುಪೇರಾಗುತ್ತದೆ, ಹವಳವಿಲ್ಲದ ಇನ್ನೊಂದು ಜಾಡಿಯನ್ನು ಪಕ್ಕದಲ್ಲಿ ಇಡದಿದ್ದರೆ ನೀರಿನ ಬ್ಯಾಕ್ಟೀರಿಯಾ ಬಳಸಿದ್ದೂ ಹವಳದ ಲೆಕ್ಕಕ್ಕೆ ಸೇರುತ್ತದೆ.

ಫಲಿತಾಂಶ: ಹಗಲಿನಲ್ಲಿ ಪಾಚಿಕಣಗಳು ಹವಳಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಬಿಡುತ್ತವೆ. ಆದರೆ ದಿಬ್ಬದ ನೀರಿನಲ್ಲಿ ಆಕ್ಸಿಜನ್‌ಗೆ ಹೇಗೂ ಬರವಿಲ್ಲ ಎಂದು ಯಂಗ್ ವಾದಿಸಿದರು. ಅವರ ಕಣ್ಣಿಗೆ ಹೆಚ್ಚು ಮಹತ್ವದ್ದಾಗಿ ಕಂಡದ್ದು ರಂಜಕ, ಎಂದರೆ ಫಾಸ್ಫೇಟ್. ಪಾಚಿ ಇರುವ ಹವಳ ನೀರಿನ ಫಾಸ್ಫೇಟನ್ನು ಕಡಿಮೆ ಮಾಡುತ್ತಿತ್ತು, ಪಾಚಿ ಇಲ್ಲದ್ದು ಹೆಚ್ಚು ಮಾಡುತ್ತಿತ್ತು. ಇದರಿಂದ ಅವರು ಮಾಡಿದ ತೀರ್ಮಾನ: ಪಾಚಿಕಣಗಳು ಹವಳದ ಮಲಮೂತ್ರ ಎತ್ತುವ ಕೆಲಸದವು. ಕಸ ಬೇಗ ಖಾಲಿಯಾಗುವುದರಿಂದ ಹವಳ ಚುರುಕಾಗಿ ಬದುಕುತ್ತದೆ. ಊಟ ಮಾತ್ರ ಅವುಗಳಿಂದ ಬರುವುದಿಲ್ಲ.

## 1929ರ ಬೇಸಿಗೆ

ದಕ್ಷಿಣ ಗೋಳಾರ್ಧದಲ್ಲಿ ಫೆಬ್ರವರಿ ಎಂದರೆ ಕಡುಬೇಸಿಗೆ. 1929ರ ಆ ದಿನಗಳಲ್ಲಿ ಇಳಿತದ ಹೊತ್ತು ಲೋ ಐಲ್ಸ್‌ನ ಮಡುಗಳ ನೀರು ಕಾದು, ದಿಬ್ಬದ ಮೇಲಿನ ಹವಳಗಳು ಬಿಳಿಚಿದವು. ಅನೇಕವು ಸತ್ತವು. ಬದುಕಿದ್ದವುಗಳಲ್ಲಿ ಪಾಚಿಕಣಗಳು ಕಡಿಮೆಯಾಗಿದ್ದವು. ಬಿಸಿ ನೀರಿನಲ್ಲಿಟ್ಟ ಹವಳಗಳು ಪಾಚಿಕಣ ಉಗುಳುವುದನ್ನು ಯಂಗ್ ಮತ್ತು ನಿಕೋಲ್ಸ್ ಪ್ರಯೋಗದಲ್ಲೂ ಕಂಡರು. 1931ರಲ್ಲಿ ಪ್ರಕಟವಾದ ಅವರ ವರದಿಯನ್ನು ಬಿಸಿಯಿಂದಾಗುವ ಬ್ಲೀಚಿಂಗ್‌ನ ಮೊದಲ ವೈಜ್ಞಾನಿಕ ವಿವರಣೆ ಎಂದು ಇಂದಿನ ವಿಜ್ಞಾನಿಗಳು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಬಿಸಿಗೆ ಹವಳ ಸಾಯುವುದು ಮೊದಲೇ ಗೊತ್ತಿತ್ತು: 1910ರ ದಶಕದಲ್ಲಿ ಅಮೆರಿಕದ ಆಲ್‌ಫ್ರೆಡ್ ಮೇಯರ್, ಹವಳ ತನ್ನ ಸಾವಿನ ತಾಪಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಬದುಕುತ್ತದೆಂದು ತೋರಿಸಿದ್ದರು. ಯಂಗ್ ಸೇರಿಸಿದ್ದು, ಸಾಯುವ ಮೊದಲು ಹವಳ ಪಾಚಿಯನ್ನು ಬಿಟ್ಟುಕೊಡುತ್ತದೆ ಎಂಬ ನಡುವಿನ ಹೆಜ್ಜೆಯನ್ನು.

ಒಂದು ವ್ಯತ್ಯಾಸ ಮರೆಯಬಾರದು. 1929ರದ್ದು ಒಂದು ದ್ವೀಪದ ಆಳವಿಲ್ಲದ ಮಡುಗಳ ಕತೆ. ಈಗ ಆಗುತ್ತಿರುವುದು ಇಡೀ ಸಾಗರಗಳ ಮಟ್ಟದ್ದು.

## ಎಡವಿದ್ದು ಎಲ್ಲಿ

ಯಂಗ್ ಹುಡುಕಿದ್ದು ಅರಗಿದ ಪಾಚಿಯನ್ನು. ಅದು ಸಿಗಲಿಲ್ಲ, ಆದ್ದರಿಂದ ಪಾಚಿಯಿಂದ ಊಟವಿಲ್ಲ ಎಂದರು. ಹಸುವನ್ನು ಸಾಕಿದವನು ಅದನ್ನು ಕಡಿದು ತಿಂದಿಲ್ಲವೆಂದು, ಅವನಿಗೆ ಹಸುವಿನಿಂದ ಆಹಾರವೇ ಇಲ್ಲ ಎನ್ನಲಾದೀತೇ? ಅವನು ಹಾಲು ಕರೆಯುತ್ತಾನೆ. ಪಾಚಿಕಣಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ, ಗ್ಲಿಸರಾಲ್‌ನಂಥ ವಸ್ತುಗಳನ್ನು ಕರಗಿದ ರೂಪದಲ್ಲಿ ಹವಳದ ಜೀವಕೋಶಕ್ಕೆ ಬಿಡುತ್ತವೆ. ಕರಗಿದ ಸಕ್ಕರೆ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. 1929ರಲ್ಲಿ ಅದನ್ನು ಹಿಂಬಾಲಿಸುವ ಸಾಧನವೇ ಇರಲಿಲ್ಲ.

ಆ ಸಾಧನ ಬಂದದ್ದು ಎರಡನೇ ಮಹಾಯುದ್ಧದ ನಂತರ, ವಿಕಿರಣಶೀಲ ಪರಮಾಣುಗಳ ರೂಪದಲ್ಲಿ. ನೀರಿಗೆ ಕಾರ್ಬನ್-14 ಬೆರೆಸಿ ಬೆಳಕಿನಲ್ಲಿಟ್ಟರೆ ಪಾಚಿ ಅದನ್ನು ಸಕ್ಕರೆಯಾಗಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಾಚಿಯನ್ನೂ ಪ್ರಾಣಿಯ ಅಂಗಾಂಶವನ್ನೂ ಬೇರ್ಪಡಿಸಿ ವಿಕಿರಣ ಎಣಿಸಿದರೆ, ಎಷ್ಟು ದಾಟಿತು ಎಂಬುದು ತಿಳಿಯುತ್ತದೆ. 1958ರಲ್ಲಿ ಲೆನ್ ಮಸ್ಕಟೀನ್ ಹವಳದ ನೆಂಟನಾದ ಸೀ ಅನಿಮೋನ್‌ನಲ್ಲಿ ಇದನ್ನು ತೋರಿಸಿದರು, ಮುಂದೆ ಹವಳದಲ್ಲೂ ಅದೇ ಸಿಕ್ಕಿತು. ಒಳ್ಳೆಯ ಬೆಳಕಿದ್ದಾಗ ಪಾಚಿ ಕಟ್ಟಿದ ಕಾರ್ಬನ್‌ನಲ್ಲಿ ಶೇ 90ರವರೆಗೂ ಹವಳಕ್ಕೆ ಹೋಗಬಹುದೆಂಬುದು ಇಂದಿನ ತಿಳಿವಳಿಕೆ. ಜಮೈಕಾದಲ್ಲಿ ಥಾಮಸ್ ಗೊರೊ ಕ್ಯಾಲ್ಸಿಯಂ-45 ಬಳಸಿ, ಹವಳ ಬೆಳಕಿನಲ್ಲಿ ಸುಣ್ಣ ಕಟ್ಟುವ ವೇಗ ಕತ್ತಲಿಗಿಂತ ಹಲವು ಪಟ್ಟು ಎಂದು 1959ರಲ್ಲಿ ಪ್ರಕಟಿಸಿದರು. ಆಮೇಲಿನ ಅನೇಕ ಅಳತೆಗಳನ್ನು ಒಟ್ಟು ಹಾಕಿದಾಗ ಅದು ಸುಮಾರು 3 ಪಟ್ಟು ಎಂದು ನಿಂತಿತು. ಪಾಚಿಯಿಲ್ಲದೆ ಹವಳ ಬದುಕಬಹುದು, ದಿಬ್ಬ ಕಟ್ಟಲಾರದು.

ಯಂಗ್ ಇದನ್ನೆಲ್ಲ ದೂರ ನಿಂತು ನೋಡಲಿಲ್ಲ. ಗೊರೊ ಜೊತೆಗೇ ಕೆಲಸ ಮಾಡಿದರು, 1967ರಲ್ಲಿ ಬೆಲ್ಜಿಯಂ ಯಾತ್ರೆಯ ಹೊತ್ತಿಗೆ ಮತ್ತೆ ಬ್ಯಾರಿಯರ್ ರೀಫ್‌ಗೆ ಹೋದರು. 1970ರಲ್ಲಿ ಗೊರೊ ತೀರಿಕೊಂಡರು. ಮರುವರ್ಷ ಥಾಮಸ್ ಗೊರೊ, ನೋರಾ ಗೊರೊ ಮತ್ತು ಯಂಗ್ ಮೂವರ ಹೆಸರಿನಲ್ಲಿ ಒಂದು ಪ್ರಬಂಧ ಬಂತು. ಅದರ ಶೀರ್ಷಿಕೆಯೇ ಪ್ರಶ್ನೆ: ದಿಬ್ಬದ ಹವಳ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೋ, ಹೊರಗಿನಿಂದ ಪಡೆಯುತ್ತದೋ?

ಹಳೆಯ ಮಾಂಸಾಹಾರಿ ವಾದಕ್ಕೆ ಸ್ವಲ್ಪ ಜೀವ ಮರಳಿದ್ದು 2006ರಲ್ಲಿ. ಹವಾಯಿಯಲ್ಲಿ ಆಂಡ್ರಿಯಾ ಗ್ರೊಟೋಲಿ ಮತ್ತು ಸಂಗಡಿಗರು, ಬಿಳಿಚಿದ ಮಾಂಟಿಪೋರಾ ಜಾತಿಯ ಹವಳವೊಂದು ಪ್ಲವಕ ತಿನ್ನುವುದನ್ನು ಹೆಚ್ಚಿಸಿ, ದಿನದ ಪೂರ್ತಿ ಶಕ್ತಿಯನ್ನು ಅದರಿಂದಲೇ ಪಡೆಯಬಲ್ಲದು ಎಂದು ತೋರಿಸಿದರು. ಪಕ್ಕದಲ್ಲೇ ಇದ್ದ ಪೊರೈಟಿಸ್ ಜಾತಿಗಳಿಗೆ ಅದು ಸಾಧ್ಯವಾಗಲಿಲ್ಲ. ಕತ್ತಲ ಪೆಟ್ಟಿಗೆಯಲ್ಲಿ ಬದುಕಿ ಉಳಿದ ಹವಳಗಳ ಗುಟ್ಟೂ ಇದೇ.

## ಬಿಸಿ ನೀರಿನಲ್ಲಿ ಒಳಗೆ ನಡೆಯುವುದೇನು

ಪಾಚಿಕಣದ ಪತ್ರಹರಿತ್ತು ಬಿಸಿಲನ್ನು ಹೀರುತ್ತದೆ. ಆ ಶಕ್ತಿಯನ್ನು ಸಕ್ಕರೆಯಾಗಿ ಕಟ್ಟುವ ಯಂತ್ರ ಬಿಸಿಗೆ ಕೆಡುತ್ತದೆ, ಕೆಟ್ಟದ್ದನ್ನು ದುರಸ್ತಿ ಮಾಡುವ ವೇಗವೂ ತಗ್ಗುತ್ತದೆ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ದಾರಿ ಕಾಣದ ಶಕ್ತಿ ಆಕ್ಸಿಜನ್ ಮೇಲೆ ಹೊರಳಿ, ಹೈಡ್ರೊಜನ್ ಪೆರಾಕ್ಸೈಡ್‌ನಂಥ ತೀಕ್ಷ್ಣ ವಸ್ತುಗಳು ಹುಟ್ಟುತ್ತವೆ. ಅವು ಹವಳದ ಜೀವಕೋಶಕ್ಕೂ ಸೋರಿ ಅದನ್ನು ಸುಡುತ್ತವೆ. ಆಗ ಹವಳ ಪಾಚಿಕಣಗಳನ್ನು ಹೊರದೂಡುತ್ತದೆ, ಅಥವಾ ಪಾಚಿ ತುಂಬಿದ ಜೀವಕೋಶಗಳನ್ನೇ ಕಳಚಿ ಹಾಕುತ್ತದೆ. ಗಾಳಿಯಿಲ್ಲದೆ ಕಡಲು ಶಾಂತವಾಗಿದ್ದು, ಮೋಡವೂ ಇಲ್ಲದ ವಾರಗಳಲ್ಲಿ ಹಾನಿ ಹೆಚ್ಚು. ಗಡ್ಡೆಯ ಮೇಲ್ಮೈ ಮೊದಲು ಬಿಳಿಚಿ, ನೆರಳಿನ ಬದಿ ಕಂದಾಗಿಯೇ ಉಳಿಯುವುದೂ ಇದರಿಂದಲೇ.

ಎಷ್ಟು ಬಿಸಿ ಎಂದರೆ ಅತಿ? ಉಪಗ್ರಹ ಅಳತೆಯಲ್ಲಿ ಬಳಸುವ ಮಾನದಂಡಕ್ಕೆ 'ಡಿಗ್ರಿ ಹೀಟಿಂಗ್ ವೀಕ್' ಎನ್ನುತ್ತಾರೆ. ಆ ಜಾಗದಲ್ಲಿ ವರ್ಷದ ಅತಿ ಬೆಚ್ಚನೆಯ ತಿಂಗಳ ವಾಡಿಕೆಯ ಸರಾಸರಿ ತಾಪ ತೆಗೆದುಕೊಳ್ಳಿ. ಅದಕ್ಕಿಂತ ಕನಿಷ್ಠ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದ ವಾರಗಳನ್ನು ಮಾತ್ರ ಎಣಿಸಿ, ಹೆಚ್ಚುವರಿ ಡಿಗ್ರಿಗಳನ್ನು ಹಿಂದಿನ 12 ವಾರಗಳಿಗೆ ಕೂಡಿಸಿ. ಉದಾಹರಣೆಗೆ, ವಾಡಿಕೆಯ ಗರಿಷ್ಠ 29.5 ಇರುವಲ್ಲಿ ನೀರು 4 ವಾರ 31 ಡಿಗ್ರಿ ಇದ್ದರೆ 1.5 ಗುಣಿಸು 4, ಅಂದರೆ 6. ವಾಡಿಕೆಗಿಂತ 0.8 ಡಿಗ್ರಿ ಹೆಚ್ಚಿದ್ದ ವಾರ ಲೆಕ್ಕಕ್ಕೆ ಬರುವುದಿಲ್ಲ. ಮೊತ್ತ 4 ಮುಟ್ಟಿದರೆ ಗಣನೀಯ ಬ್ಲೀಚಿಂಗ್ ನಿರೀಕ್ಷಿತ, 8 ದಾಟಿದರೆ ಸಾವು. ಇದು ನೀರಿನ ಮೇಲ್ಮೈಯ ಲೆಕ್ಕ ಎಂಬುದು ಗಮನದಲ್ಲಿರಲಿ. ಆಳದಲ್ಲಿ, ಅಥವಾ ತಂಪು ನೀರು ಮೇಲೇಳುವ ಕಡೆ ಹವಳದ ಪಾಡು ಬೇರೆಯೇ ಇರಬಹುದು.

## ಉಳಿದ ಕೆಲಸ, ಉಳಿದ ಬದುಕು

ಲೋ ಐಲ್ಸ್‌ನ ವರದಿಗಳನ್ನು ಬ್ರಿಟಿಷ್ ಮ್ಯೂಸಿಯಂ 1930ರಿಂದ ಸಂಪುಟ ಸಂಪುಟವಾಗಿ ಹೊರತಂದಿತು. ಅವುಗಳ ಇಂದಿನ ದೊಡ್ಡ ಬೆಲೆ ಹಳೆಯ ಲೆಕ್ಕಪುಸ್ತಕವಾಗಿ. 2019ರವರೆಗಿನ ಮರುಸಮೀಕ್ಷೆಗಳನ್ನು 1928ರ ದಾಖಲೆಗಳ ಪಕ್ಕ ಇಟ್ಟು ನೋಡಿದ ವಿಜ್ಞಾನಿಗಳಿಗೆ, ಇಳಿತದಲ್ಲಿ ತೆರೆದುಕೊಳ್ಳುವ ಭಾಗದ ಜೀವಿಗಳ ಚಿತ್ರ ಬಹಳ ಬದಲಾಗಿದ್ದು, ಹಳೆಯ ಸ್ಥಿತಿಗೆ ಮರಳುವ ಲಕ್ಷಣ ಕಡಿಮೆ ಎಂಬುದು ಕಂಡಿತು. ನಕ್ಷೆ ಬರೆಯುವ ಕೆಲಸ ಆಗ ಯಾರಿಗೂ ರೋಮಾಂಚಕ ಎನಿಸಿರಲಾರದು.

ಒಂದು ದೊಡ್ಡ ವಿಷಯ ಕೈತಪ್ಪಿತು. ಪೊಸಿಲ್ಲೊಪೋರಾ ಹವಳ ಚಂದ್ರನ ತಿಥಿಗೆ ಹೊಂದಿಕೊಂಡು ಮರಿ ಬಿಡುವುದನ್ನು ಮಾರ್ಷಲ್ ಮತ್ತು ಸ್ಟೀಫನ್‌ಸನ್ ಕಂಡಿದ್ದರು. ಆದರೆ ನೂರಕ್ಕೂ ಹೆಚ್ಚು ಜಾತಿಯ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಅಂಡ-ವೀರ್ಯ ಬಿಡುತ್ತವೆ ಎಂಬುದು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ವರ್ಷವಿಡೀ ದಿಬ್ಬದ ಮೇಲೆ ಇದ್ದರೂ, ಕತ್ತಲಲ್ಲಿ ಸರಿಯಾದ ರಾತ್ರಿ ನೀರಿಗಿಳಿಯದೆ ಅದು ಕಾಣುವಂಥದ್ದಲ್ಲ.

ಯಂಗ್ ಊರಿಗೆ ಮರಳಿದ ಮೇಲೆ ಹೆಚ್ಚಾಗಿ ತಮ್ಮ ಚಿಪ್ಪುಜೀವಿಗಳಿಗೇ ಹಿಂದಿರುಗಿದರು. ದಿಬ್ಬಗಳ ದೈತ್ಯ ಕಪ್ಪೆಚಿಪ್ಪು ಟ್ರೈಡಾಕ್ನಾ ಬಗ್ಗೆ 1936ರಲ್ಲಿ ಬರೆದದ್ದು ಅದರ ಫಲ: ಆ ಚಿಪ್ಪುಜೀವಿ ಬಾಯ್ತೆರೆದು ತನ್ನ ಬಣ್ಣದ ಮೈಪದರವನ್ನು ಬಿಸಿಲಿಗೆ ಒಡ್ಡುತ್ತದೆ, ಅದರಲ್ಲೂ ಪಾಚಿಕಣಗಳಿವೆ. ಇಲ್ಲಿ ಯಂಗ್ ಪಾಚಿಯನ್ನು ಬೆಳೆಯಾಗಿಯೇ ಕಂಡರು, ಕಪ್ಪೆಚಿಪ್ಪು ಅದನ್ನು ಸಾಕಿ ತಿನ್ನುತ್ತದೆ ಎಂದರು. ಹವಳಕ್ಕೆ ಒಪ್ಪದ್ದನ್ನು ಕಪ್ಪೆಚಿಪ್ಪಿಗೆ ಒಪ್ಪಿದ್ದು ಸ್ವಲ್ಪ ವಿಚಿತ್ರವೇ. 1933ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕ, 1944ರಿಂದ 1964ರವರೆಗೆ ಗ್ಲಾಸ್ಗೊ, 1946ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1967ರಲ್ಲಿ ಸರ್ ಪದವಿ, 1968ರಲ್ಲಿ ಡಾರ್ವಿನ್ ಪದಕ. 1986ರ ಮಾರ್ಚ್‌ನಲ್ಲಿ ತೀರಿಕೊಂಡರು. ಹೊರದಿಬ್ಬದಲ್ಲಿ ಮ್ಯಾಂಟನ್ ಅಳೆದ ಒಂದು ರೀಫ್‌ಗೆ ಯಂಗ್ ಹೆಸರಿದೆ.

## ಬಿಳಿ ಹವಳ ಕಂಡರೆ ಹೇಗೆ ಓದುವುದು

ಲಕ್ಷದ್ವೀಪದಲ್ಲಿ 1998, 2010, 2016ರಲ್ಲೂ ದೊಡ್ಡ ಬ್ಲೀಚಿಂಗ್ ಆಗಿತ್ತು. ಕರ್ನಾಟಕದಲ್ಲಿ ಹವಳ ನೋಡಬೇಕೆಂದರೆ ಹೆಚ್ಚಿನವರು ಹೋಗುವುದು ಮುರುಡೇಶ್ವರದ ಎದುರಿನ ನೇತ್ರಾಣಿಗೆ. ಅಲ್ಲಿನದು ಲಕ್ಷದ್ವೀಪದಂತೆ ಹವಳವೇ ಕಟ್ಟಿದ ದ್ವೀಪವಲ್ಲ, ಬಂಡೆಯ ಮೇಲೆ ನೆಲೆನಿಂತ ಹವಳ. ಎರಡೂ ಕಡೆ ಮುಳುಗುವವರು ಬಿಳಿ ಗಡ್ಡೆ ಕಂಡೊಡನೆ ಸತ್ತಿದೆ ಎಂದುಬಿಡುತ್ತಾರೆ. ಮುಟ್ಟದೆ, ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಬಟ್ಟಲುಗಳ ಮೇಲೆ ತೆಳು ಪಾರದರ್ಶಕ ಪೊರೆ ಇದ್ದು, ಸ್ಪರ್ಶಾಂಗಗಳ ತುದಿ ಕಾಣುತ್ತಿದ್ದರೆ ಅದು ಬಿಳಿಚಿದ, ಇನ್ನೂ ಬದುಕಿರುವ ಹವಳ. ಕೆಲವು ಜಾತಿಗಳು ಈ ಹಂತದಲ್ಲಿ ತಿಳಿ ನೀಲಿ, ನಸುಗೆಂಪಾಗಿ ಹೊಳೆಯುತ್ತವೆ. ಅದು ಹವಳದ ಸ್ವಂತ ಬಣ್ಣವೇ ಹೊರತು ಆರೋಗ್ಯದ ಗುರುತಲ್ಲ. ಕೆಲವು ವಾರಗಳೊಳಗೆ ನೀರು ತಣಿದರೆ ಅಳಿದುಳಿದ ಪಾಚಿಕಣಗಳು ಹೆಚ್ಚಿ ಬಣ್ಣ ಮರಳುತ್ತದೆ, ಆದರೂ ಬೆಳವಣಿಗೆ ಮತ್ತು ಸಂತಾನ ಮುಂದಿನ ಋತುವಿನವರೆಗೂ ಕುಂಠಿತ.

ಬಟ್ಟಲಿನ ಅಂಚುಗಳು ಬರಿದಾಗಿ ಚೂಪಾಗಿ ಕಂಡರೆ ಪಾಲಿಪ್ ಹೋಗಿದೆ. ಹಾಗೆ ಬರಿದಾದ ಸುಣ್ಣ ಬಹಳ ದಿನ ಬೆಳ್ಳಗಿರುವುದಿಲ್ಲ: ಕೆಲವೇ ದಿನ, ವಾರಗಳಲ್ಲಿ ಹಸಿರು-ಕಂದು ನೂಲುಪಾಚಿ ಹತ್ತುತ್ತದೆ. ಹಾಗಾಗಿ ಕಂದಾದ ಗಡ್ಡೆಯನ್ನು ದೂರದಿಂದ ನೋಡಿ ಚೇತರಿಸಿಕೊಂಡಿದೆ ಎನ್ನುವುದೂ ತಪ್ಪಾಗಬಹುದು. ನೂಲುಪಾಚಿ ಮೆತ್ತಗೆ ಒರಟಾಗಿ ಕಾಣುತ್ತದೆ, ನೀರಿನ ಚಲನೆಗೆ ಅಲುಗುತ್ತದೆ. ಜೀವಂತ ಹವಳದ ಕಂದು ನಯವಾಗಿರುತ್ತದೆ, ಬಟ್ಟಲು ಬಟ್ಟಲಾಗಿ ಕಾಣುತ್ತದೆ.